ಮನೆ ಮುಂದೆಯೇ ಕಾರಿನ ಸಣ್ಣಪುಟ್ಟ ರಿಪೇರಿ: ಟೂಲ್ ಬಾಕ್ಸಿಗೆ ಏನೇನು ಬೇಕು, ಏನು ಬೇಡ

ಕಾರು ಇಟ್ಟುಕೊಂಡ ಓದುಗರು ಪದೇ ಪದೇ ಕೇಳುವ ಪ್ರಶ್ನೆ: ‘ಮನೆಗೆ ಒಂದು ಟೂಲ್ ಕಿಟ್ ತಗೋಬೇಕು ಅಂತಿದ್ದೀನಿ. 46 ಪೀಸಿಂದು ಸಾಕಾ, 108 ಪೀಸಿಂದೇ ಬೇಕಾ?’ ಪೀಸು ಎಣಿಸಿ ಕೊಳ್ಳಲೇಬೇಡಿ ಎಂಬುದು ನನ್ನ ಉತ್ತರ. ಆ ದೊಡ್ಡ ಪೆಟ್ಟಿಗೆಗಳ ತುಂಬ ಸ್ಕ್ರೂ ಡ್ರೈವರಿನ ಬಿಟ್‌ಗಳು, ನಿಮ್ಮ ಕಾರಿನಲ್ಲಿ ಎಲ್ಲೂ ಕೂರದ ಅಳತೆಯ ಸಾಕೆಟ್‌ಗಳು. ಮಳೆಯಲ್ಲಿ ಟಯರ್ ಕೂತಾಗ ಚಕ್ರದ ನಟ್ಟು ತಿರುಗಿಸಲು ಬೇಕಾಗುವಷ್ಟು ಉದ್ದದ ಹಿಡಿ ಮಾತ್ರ ಅವುಗಳಲ್ಲಿ ಇರುವುದಿಲ್ಲ.

ಇಲ್ಲಿ ಹೇಳುವುದೆಲ್ಲ ನಮ್ಮ ಬೀದಿಗಳಲ್ಲಿ ಹೆಚ್ಚಾಗಿ ಕಾಣುವ ಸ್ವಿಫ್ಟ್, ವ್ಯಾಗನ್ ಆರ್, ಐ10, ಐ20 ತರಹದ ಪೆಟ್ರೋಲ್ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಡೀಸೆಲ್ ಕಾರಿಗೂ ಬಹುಪಾಲು ಹೊಂದುತ್ತದೆ.

1. ಮೊದಲು ಕೆಲಸದ ಪಟ್ಟಿ ಮಾಡಿ

ಒಂದು ಚೀಟಿ ತೆಗೆದುಕೊಂಡು, ನೀವು ನಿಜಕ್ಕೂ ಮಾಡಲಿರುವ ಕೆಲಸ ಯಾವುದು ಎಂದು ಬರೆಯಿರಿ. ಹೊಸಬರಿಗೆ ಈ ಕೆಲಸಗಳು ಸಾಕು: ಗಾಳಿ ನೋಡಿ ತುಂಬುವುದು, ಸ್ಟೆಪ್ನಿ ಹಾಕುವುದು, ಟ್ಯೂಬ್‌ಲೆಸ್ ಪಂಕ್ಚರ್, ಬ್ಯಾಟರಿ ಬಿಚ್ಚಿ ಹಾಕುವುದು, ಜಂಪ್ ಸ್ಟಾರ್ಟ್, ವೈಪರ್ ಬ್ಲೇಡ್, ಬಲ್ಬು, ಫ್ಯೂಸು, ಏರ್ ಫಿಲ್ಟರ್, ಎಸಿ ಫಿಲ್ಟರ್. ಸ್ಪಾರ್ಕ್ ಪ್ಲಗ್, ಆಯಿಲ್ ಬದಲಾವಣೆ, ಬ್ರೇಕ್ ಪ್ಯಾಡ್ ಎರಡನೇ ಸುತ್ತಿಗೆ ಇರಲಿ. ಅವುಗಳ ಸಾಮಾನನ್ನು ಈಗಲೇ ಕೊಂಡು ತುಕ್ಕು ಹಿಡಿಸಬೇಡಿ.

ಕಾರು ಇನ್ನೂ ವಾರಂಟಿಯಲ್ಲಿದ್ದರೆ ಮೊದಲ ಪಟ್ಟಿಯನ್ನು ದಾಟದಿರುವುದೇ ಕ್ಷೇಮ. ಸರ್ವಿಸ್ ಸೆಂಟರಿನ ದಾಖಲೆ ಇಲ್ಲ ಎಂಬ ಒಂದೇ ನೆಪಕ್ಕೆ ಕ್ಲೇಮು ನಿಂತುಹೋಗಬಹುದು.

2. ಡಿಕ್ಕಿಯಲ್ಲಿ ಏನಿದೆ ನೋಡಿ

ಸ್ಟೆಪ್ನಿಯ ಪಕ್ಕದಲ್ಲೋ ಅಡಿಯಲ್ಲೋ ಒಂದು ಜಾಕ್, ಜಾಕ್ ತಿರುಗಿಸುವ ಹಿಡಿ, ವೀಲ್ ಸ್ಪ್ಯಾನರ್, ಕಾರು ಎಳೆಸಲು ಬೇಕಾದ ಕೊಕ್ಕೆ ಇರುತ್ತದೆ. ಸೆಕೆಂಡ್ ಹ್ಯಾಂಡ್ ಕಾರಾದರೆ ಇವುಗಳಲ್ಲಿ ಒಂದಾದರೂ ಕಾಣೆಯಾಗಿರುವ ಸಾಧ್ಯತೆ ಹೆಚ್ಚು. ಅಲಾಯ್ ಚಕ್ರಕ್ಕೆ ಕಳ್ಳರ ಕಾಟ ತಪ್ಪಿಸುವ ಲಾಕ್ ನಟ್ಟು ಹಾಕಿಸಿದ್ದರೆ ಅದರ ಕೀ ಬೇರೆಯೇ ಇರುತ್ತದೆ. ಅದಿಲ್ಲದೆ ಆ ಚಕ್ರ ಅಲ್ಲಾಡುವುದಿಲ್ಲ.

ಈಗ ಕಾರು ನೆಲದ ಮೇಲಿರುವಾಗಲೇ, ಹ್ಯಾಂಡ್ ಬ್ರೇಕ್ ಎಳೆದು, ನಾಲ್ಕೂ ಚಕ್ರಗಳಲ್ಲಿ ಒಂದೊಂದು ನಟ್ಟನ್ನು ವೀಲ್ ಸ್ಪ್ಯಾನರ್‌ನಿಂದ ಸ್ವಲ್ಪವೇ ಸಡಿಲಿಸಿ, ಮತ್ತೆ ಬಿಗಿ ಮಾಡಿ ನೋಡಿ. ಟಯರ್ ಅಂಗಡಿಯಲ್ಲಿ ಗಾಳಿಯ ಗನ್ನು ಹಿಡಿದು ಬಿಗಿದ ನಟ್ಟುಗಳು ಕಾರಿನ ಜೊತೆ ಬಂದ ಗಿಡ್ಡ ಸ್ಪ್ಯಾನರಿಗೆ ಬಗ್ಗದೆ ಇರುವುದು ಮಾಮೂಲು. ಇದು ಶಿರಾಡಿ ಘಾಟಿಯಲ್ಲಿ ರಾತ್ರಿ ಗೊತ್ತಾಗುವುದಕ್ಕಿಂತ ಮನೆ ಮುಂದೆ ಭಾನುವಾರ ಬೆಳಿಗ್ಗೆ ಗೊತ್ತಾಗಲಿ. ಸ್ಟೆಪ್ನಿಯ ಗಾಳಿಯನ್ನೂ ಅದೇ ಹೊತ್ತಿಗೆ ನೋಡಿಬಿಡಿ.

3. ಸ್ಪ್ಯಾನರ್ ಮತ್ತು ಸಾಕೆಟ್

ಖರ್ಚಿನ ದೊಡ್ಡ ಪಾಲು ಇಲ್ಲಿಗೆ ಹೋಗಬೇಕು, ಜನ ಹೆಚ್ಚು ಎಡವುವುದೂ ಇಲ್ಲೇ.

ಮೊದಲು ಅಳತೆ. ‘10ರ ಸ್ಪ್ಯಾನರ್’ ಎಂದರೆ ಬೋಲ್ಟಿನ ದಪ್ಪವಲ್ಲ. ನಟ್ಟಿನ ಎದುರುಬದುರು ಎರಡು ಚಪ್ಪಟೆ ಮುಖಗಳ ನಡುವಿನ ಅಂತರ 10 ಎಂಎಂ ಎಂದರ್ಥ. ಮಾರುತಿ, ಹ್ಯುಂಡೈ, ಟೊಯೊಟಾ, ಹೋಂಡಾ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು 8, 10, 12, 14, 17. ಟಾಟಾ, ಮಹೀಂದ್ರ, ಫೋಕ್ಸ್‌ವ್ಯಾಗನ್, ಸ್ಕೋಡಾ ಆದರೆ 13 ಕೂಡ ಬೇಕೇ ಬೇಕು. ಚಕ್ರದ ನಟ್ಟು ಮಾರುತಿ, ಹೋಂಡಾದಲ್ಲಿ ಸಾಮಾನ್ಯವಾಗಿ 19, ಹ್ಯುಂಡೈ, ಟೊಯೊಟಾದಲ್ಲಿ 21. ಫೋಕ್ಸ್‌ವ್ಯಾಗನ್, ಸ್ಕೋಡಾದಲ್ಲಿ ನಟ್ಟಿನ ಬದಲು 17ರ ಬೋಲ್ಟು. ನನ್ನ ಮಾತು ನಂಬಿ ಅಂಗಡಿಗೆ ಓಡಬೇಡಿ; ನಿಮ್ಮ ಕಾರಿನ ವೀಲ್ ಸ್ಪ್ಯಾನರ್ ಮೇಲೆ ಅಳತೆ ಕೆತ್ತಿದೆಯೇ ನೋಡಿ, ಇಲ್ಲದಿದ್ದರೆ ಅದನ್ನೇ ಅಂಗಡಿಗೆ ಒಯ್ದು ತೋರಿಸಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ‘ಸ್ಪ್ಯಾನರ್ ಸೆಟ್ ಕೊಡಿ’ ಎಂದರೆ ಎರಡೂ ತುದಿ ಬಾಯಿ ತೆರೆದಿರುವ ಸೆಟ್ಟನ್ನೇ ಕೊಡುತ್ತಾರೆ: 6-7, 8-9, 10-11 ಎಂದು ಜೋಡಿ ಅಳತೆಯವು. ಅದು ಬೇಡ. ಬಾಯಿ ತೆರೆದ ಸ್ಪ್ಯಾನರ್ ನಟ್ಟನ್ನು ಎರಡೇ ಮುಖದಲ್ಲಿ ಹಿಡಿಯುತ್ತದೆ. ಜೋರು ಹಾಕಿದರೆ ಜಾರಿ ಮೂಲೆಗಳನ್ನು ಸವೆಸುತ್ತದೆ. ಮೂಲೆ ಸವೆದು ನಟ್ಟು ಗುಂಡಾಯಿತೋ, ಆಮೇಲೆ ಗ್ಯಾರೇಜೇ ಗತಿ. ಒಂದು ತುದಿ ರಿಂಗ್, ಇನ್ನೊಂದು ತುದಿ ತೆರೆದ ಬಾಯಿ ಇರುವ ‘ಕಾಂಬಿನೇಷನ್ ಸ್ಪ್ಯಾನರ್’ ಕೇಳಿ. ರಿಂಗಿನಿಂದ ಸಡಿಲಿಸಿ, ಬಾಯಿ ಕಡೆಯಿಂದ ಬೇಗ ಬೇಗ ಬಿಚ್ಚಬಹುದು. 8ರಿಂದ 19ರವರೆಗಿನ ಸೆಟ್ ಸಾಕು. ತಿರುಗಿಸಿ ಅಗಲ ಮಾಡುವ ಸ್ಕ್ರೂ ಸ್ಪ್ಯಾನರ್ ನೀರಿನ ಪೈಪಿನ ಕೆಲಸಕ್ಕೇ ಇರಲಿ, ಕಾರಿನ ಹತ್ತಿರ ತರಬೇಡಿ.

ಇನ್ನು ಸಾಕೆಟ್, ಅಂದರೆ ನಟ್ಟಿನ ತಲೆಯ ಮೇಲೆ ಟೋಪಿಯಂತೆ ಕೂರುವ ಬಟ್ಟಲು. ಇದರ ಹಿಂಬದಿಯ ಚೌಕಾಕಾರದ ತೂತಿಗೆ ರ‍್ಯಾಚೆಟ್ ಹಿಡಿ ಸಿಕ್ಕಿಸುತ್ತೇವೆ; ಒಳಗಿನ ಹಲ್ಲಿನಿಂದಾಗಿ ಈ ಹಿಡಿ ಒಂದು ದಿಕ್ಕಿಗೆ ನಟ್ಟನ್ನು ತಿರುಗಿಸಿ, ಇನ್ನೊಂದು ದಿಕ್ಕಿಗೆ ಸುಮ್ಮನೆ ಹಿಂದಕ್ಕೆ ಬರುತ್ತದೆ. ಆ ಚೌಕದ ಅಳತೆ ಇಂಥ ಕೆಲಸಕ್ಕೆ ಮೂರು ತರಹ: 1/4 ಇಂಚು, 3/8 ಇಂಚು, 1/2 ಇಂಚು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ 46 ಪೀಸಿನ ಪೆಟ್ಟಿಗೆ 1/4 ಇಂಚಿನದು. ಫಿಲ್ಟರ್ ಡಬ್ಬಿಯ ಸ್ಕ್ರೂ, ಬ್ಯಾಟರಿಯ ಕ್ಲಾಂಪು, ಒಳಗಿನ ಪ್ಲಾಸ್ಟಿಕ್ ಕೆಲಸಕ್ಕೆ ಅದು ಚೆನ್ನಾಗಿಯೇ ಇದೆ. ಅದನ್ನು ಹಿಡಿದು ಚಕ್ರದ ನಟ್ಟಿಗೆ ಕೈ ಹಾಕಿದರೆ ಒಳಗಿನ ಹಲ್ಲು ಮುರಿಯುತ್ತದೆ, ಗೆಣ್ಣು ಸುಲಿಯುತ್ತದೆ. ಹಾಗಾಗಿ ಮನೆಯಲ್ಲಿ ಆ ಪೆಟ್ಟಿಗೆ ಆಗಲೇ ಇದ್ದರೆ ಎಸೆಯಬೇಡಿ. ಅದರ ಜೊತೆಗೆ 1/2 ಇಂಚಿನಲ್ಲಿ ಇವಿಷ್ಟನ್ನು ಬಿಡಿಯಾಗಿ ಕೊಳ್ಳಿ:

- 10, 12, 14, 17 ಮತ್ತು ನಿಮ್ಮ ಚಕ್ರದ ನಟ್ಟಿನ ಅಳತೆಯ ಸಾಕೆಟ್. ಟಾಟಾ, ಮಹೀಂದ್ರ, ಯುರೋಪಿನ ಕಾರಾದರೆ 13 ಕೂಡ.
- ಒಂದು ರ‍್ಯಾಚೆಟ್ ಹಿಡಿ.
- ಒಂದು ಉದ್ದನೆಯ ಬ್ರೇಕರ್ ಬಾರ್, ಅಂದರೆ ಒಳಗೆ ಹಲ್ಲಿಲ್ಲದ ಗಟ್ಟಿ ಹಿಡಿ. ಒಂದೂವರೆ ಅಡಿಗಿಂತ ಕಡಿಮೆ ಬೇಡ.
- ಒಂದು ಗಿಡ್ಡ, ಒಂದು ಉದ್ದ ಎಕ್ಸ್‌ಟೆನ್ಷನ್ ಸರಳು.

ಸಾಕೆಟ್ಟಿನ ಒಳಗೆ ಇಣುಕಿ ನೋಡಿ. ಆರು ಮೂಲೆಯದು ಬೇಕು, ಹನ್ನೆರಡು ಮೂಲೆಯದಲ್ಲ. ಹನ್ನೆರಡರದ್ದು ಇಕ್ಕಟ್ಟಿನಲ್ಲಿ ಬೇಗ ಕೂರುತ್ತದೆ ನಿಜ, ಆದರೆ ತುಕ್ಕು ಹಿಡಿದ ನಟ್ಟಿನ ಮೇಲೆ ಜಾರುತ್ತದೆ. 10ರ ಸಾಕೆಟ್ ಮಾತ್ರ ಎರಡು ಕೊಳ್ಳಿ. ಅದು ಎಂಜಿನ್ ಸಂದಿಯಲ್ಲಿ ಬಿದ್ದು ಮಾಯವಾಗುವಷ್ಟು ಬೇರೆ ಯಾವುದೂ ಆಗುವುದಿಲ್ಲ.

ಬಳಸುವಾಗ ನೆನಪಿಡಿ: ಬಿಗಿ ನಟ್ಟು ಸಡಿಲಿಸಲು ಬ್ರೇಕರ್ ಬಾರ್, ಸಡಿಲವಾದ ಮೇಲೆ ಬಿಚ್ಚಲು ರ‍್ಯಾಚೆಟ್. ಅಲ್ಲಾಡದ ಬೋಲ್ಟಿಗೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಬಿಡಿ. ಆಮೇಲೆ ಮೊದಲು ಒಂಚೂರು ಬಿಗಿ ದಿಕ್ಕಿಗೆ ತಳ್ಳಿ, ನಂತರ ಸಡಿಲಿಸಿ. ವಾಪಸ್ ಹಾಕುವಾಗ ಮೊದಲ ಎರಡು ಮೂರು ಸುತ್ತು ಬರಿಗೈಯಲ್ಲೇ ಹೋಗಬೇಕು. ಕೈಯಲ್ಲಿ ಹೋಗದ ಬೋಲ್ಟು ಓರೆ ಕೂತಿದೆ ಎಂದರ್ಥ. ಅಲ್ಲಿ ಸ್ಪ್ಯಾನರ್ ಹಾಕಿದರೆ ಥ್ರೆಡ್ಡು ಹೋಯಿತು.

4. ಸ್ಕ್ರೂ ಡ್ರೈವರ್ ಮತ್ತು ಇಕ್ಕಳ

ಪ್ಲಸ್ ಗುರುತಿನದು 2ನೇ ನಂಬರಿನದು ಒಂದು ಉದ್ದ, ಒಂದು ಗಿಡ್ಡ, ಚಪ್ಪಟೆಯದು ಒಂದು. ಚಪ್ಪಟೆ ಡ್ರೈವರಿನಿಂದ ಪ್ಲಾಸ್ಟಿಕ್ ಮೀಟಬೇಡಿ. ಅದಕ್ಕೆಂದೇ ನೈಲಾನಿನ ಟ್ರಿಮ್ ಟೂಲ್ ಸೆಟ್ ಅಗ್ಗಕ್ಕೆ ಸಿಗುತ್ತದೆ. ಅದರ ಜೊತೆಗೆ ಬಂಪರ್, ಫೆಂಡರ್ ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ಪುಗಳನ್ನೂ ಒಂದು ಹಿಡಿ ತಂದಿಡಿ. ಹಳೇ ಕ್ಲಿಪ್ಪು ಬಿಚ್ಚಿದರೆ ಮುರಿಯುತ್ತದೆ. ಒಂದು ಕಟಿಂಗ್ ಪ್ಲೇಯರ್, ಒಂದು ನೋಸ್ ಪ್ಲೇಯರ್, ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಬೋಲ್ಟಿಗೆ ಒಂದು ಅಲನ್ ಕೀ ಸೆಟ್, ಬಿದ್ದ ಬೋಲ್ಟು ಎತ್ತಲು ಉದ್ದ ಕಡ್ಡಿಯ ಅಯಸ್ಕಾಂತ, ತಲೆಗೆ ಕಟ್ಟುವ ಟಾರ್ಚು. ಇಷ್ಟೇ.

5. ಕಾರು ಎತ್ತುವ ಸಾಮಾನು

ಇದನ್ನು ಓದದೆ ಮುಂದಕ್ಕೆ ಹೋಗಬೇಡಿ. ಡಿಕ್ಕಿಯಲ್ಲಿರುವ ಕತ್ತರಿ ಜಾಕ್ ಚಕ್ರ ಬದಲಿಸಲು ಮಾತ್ರ. ಅದರ ಮೇಲೆ ನಿಂತ ಕಾರಿನಡಿ ತಲೆ, ಕೈ, ಕಾಲು ಯಾವುದನ್ನೂ ಹಾಕಬಾರದು. ಹೈಡ್ರಾಲಿಕ್ ಬಾಟಲ್ ಜಾಕ್, ಟ್ರಾಲಿ ಜಾಕ್‌ಗೂ ಇದೇ ಮಾತು: ಒಳಗಿನ ಸೀಲ್ ಹೋದರೆ ಎಣ್ಣೆ ಇಳಿದು ಕಾರು ಕೂತುಬಿಡುತ್ತದೆ.

ಕಾರಿನಡಿ ಕೆಲಸ ಮಾಡಬೇಕೆಂದಿದ್ದರೆ ಜಾಕ್ ಸ್ಟ್ಯಾಂಡ್ ಒಂದು ಜೊತೆ ಕಡ್ಡಾಯ. ಜಾಕ್ ಎತ್ತುವುದಕ್ಕೆ, ಸ್ಟ್ಯಾಂಡ್ ಹೊರುವುದಕ್ಕೆ. ಸಣ್ಣ ಕಾರಿಗೆ 2 ಟನ್ನಿನ ಜೊತೆ ಧಾರಾಳ. ಸ್ಟ್ಯಾಂಡಿಗೆ ದುಡ್ಡಿಲ್ಲ ಎಂದಾದರೆ ಕಾರಿನಡಿಯ ಕೆಲಸವನ್ನು ಮುಂದೂಡಿ. ಇಟ್ಟಿಗೆ, ಟೊಳ್ಳು ಸಿಮೆಂಟ್ ಬ್ಲಾಕ್ ಪೇರಿಸುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಎತ್ತುವ ಕ್ರಮ ಹೀಗೆ:

1) ನೆಲ ಮಟ್ಟಸವಾಗಿರಲಿ. ಅಪಾರ್ಟ್‌ಮೆಂಟಿನ ಇಳಿಜಾರು ಬೇಡವೇ ಬೇಡ. ಮಣ್ಣಿನಂಗಳ, ಇಂಟರ್‌ಲಾಕ್ ಟೈಲ್ಸ್ ಆದರೆ ಜಾಕಿಗೂ ಸ್ಟ್ಯಾಂಡಿಗೂ ಅಡಿಯಲ್ಲಿ ದಪ್ಪ ಹಲಗೆ ಹಾಸಿ. ಮಳೆಗಾಲದಲ್ಲಿ ಸ್ಟ್ಯಾಂಡಿನ ಕಾಲು ಮಣ್ಣಿಗೆ ಇಳಿಯುತ್ತದೆ.

2) ಹ್ಯಾಂಡ್ ಬ್ರೇಕ್ ಎಳೆದು, ಮೊದಲನೇ ಗೇರಿಗೆ ಹಾಕಿ (ಆಟೋಮ್ಯಾಟಿಕ್ ಆದರೆ ‘ಪಿ’), ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ.

3) ಚಕ್ರ ಬಿಚ್ಚುವುದಿದ್ದರೆ ನಟ್ಟುಗಳನ್ನು ಎತ್ತುವ ಮೊದಲೇ ಅರ್ಧ ಸುತ್ತು ಸಡಿಲಿಸಿ.

4) ಬಾಗಿಲ ಕೆಳಗಿನ ಅಂಚಿನಲ್ಲಿ, ಚಕ್ರದ ಪಕ್ಕ ಎರಡು ಕಚ್ಚುಗಳಿರುತ್ತವೆ. ಆ ಎರಡು ಕಚ್ಚಿನ ನಡುವೆ ಜಾಕ್ ಕೂರಬೇಕು. ಬೇರೆ ಕಡೆ ಕೊಟ್ಟರೆ ತಗಡು ಒಳಕ್ಕೆ ಹೋಗುತ್ತದೆ.

5) ಸ್ಟ್ಯಾಂಡ್ ಎಲ್ಲಿಗೆ ಕೊಡಬೇಕೆಂದು ಮ್ಯಾನುಯಲ್ ತೋರಿಸುತ್ತದೆ. ಅಲ್ಲಿಟ್ಟು, ಜಾಕನ್ನು ನಿಧಾನ ಇಳಿಸಿ ಭಾರ ಸ್ಟ್ಯಾಂಡಿಗೆ ಬಂದ ಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಬಿಚ್ಚಿದ ಚಕ್ರವನ್ನೂ ಕಾರಿನಡಿ ಮಲಗಿಸಿ ಇಡಿ.

6. ಚಕ್ರ, ಗಾಳಿ, ಪಂಕ್ಚರ್

ನಟ್ಟನ್ನು ಎಷ್ಟು ಬಿಗಿಯಬೇಕು ಎಂಬುದಕ್ಕೂ ಅಳತೆ ಇದೆ, ಅದೇ ಟಾರ್ಕ್. ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ 10 ಕೆ.ಜಿ. ತೂಗಿಬಿಟ್ಟರೆ ಸುಮಾರು 98 ನ್ಯೂಟನ್ ಮೀಟರ್. ಸಣ್ಣ ಕಾರುಗಳ ಚಕ್ರದ ನಟ್ಟಿಗೆ ಬೇಕಾದದ್ದು ಹೆಚ್ಚು ಕಡಿಮೆ ಇದರ ಆಸುಪಾಸಿನಲ್ಲೇ. ನಿಮ್ಮ ಕಾರಿನ ನಿಖರ ಅಂಕಿ ಮ್ಯಾನುಯಲ್‌ನಲ್ಲಿದೆ. ಸ್ಪ್ಯಾನರ್ ಮೇಲೆ ಹತ್ತಿ ಕುಣಿದು ಬಿಗಿಯುವವರು ಬೋಲ್ಟನ್ನು ಎಳೆದು ಹಾಳು ಮಾಡುತ್ತಾರೆ. ಟಾರ್ಕ್ ರೆಂಚ್ ಎಂಬುದು ಇಟ್ಟ ಅಂಕಿ ತಲುಪಿದಾಗ ‘ಟಕ್’ ಎನ್ನುವ ಹಿಡಿ. ಮೊದಲ ದಿನವೇ ಬೇಕೆಂದಿಲ್ಲ, ಆದರೆ ಎರಡನೇ ಸುತ್ತಿನ ಕೆಲಸಕ್ಕೆ ಇಳಿಯುವ ಮುನ್ನ ಕೊಳ್ಳಿ. ಅದರಿಂದ ನಟ್ಟು ಸಡಿಲಿಸಬೇಡಿ. ಎತ್ತಿಡುವಾಗ ಅಂಕಿಯನ್ನು ಅತಿ ಕಡಿಮೆಗೆ ತಂದಿಡಿ. ನಟ್ಟುಗಳನ್ನು ವರಸೆಯಾಗಿ ಸುತ್ತ ಬಿಗಿಯದೆ ಒಂದು ಬಿಟ್ಟು ಎದುರಿನದು ಎಂಬಂತೆ ಬಿಗಿಯಿರಿ. ಕಾರು ಇಳಿಸಿದ ಮೇಲೆ ಕೊನೆಯ ಬಿಗಿತ, 50 ಕಿ.ಮೀ. ಓಡಿಸಿದ ಮೇಲೆ ಇನ್ನೊಮ್ಮೆ ಪರೀಕ್ಷೆ.

ಗಾಳಿಗೆ ಒಂದು ಡಿಜಿಟಲ್ ಗೇಜು, 12 ವೋಲ್ಟಿನ ಸಣ್ಣ ಕಂಪ್ರೆಸರ್. ಎಷ್ಟು ಹಾಕಬೇಕೆಂಬುದು ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿದೆ. ಟಯರಿನ ಪಕ್ಕದಲ್ಲಿ ಬರೆದಿರುವುದು ಆ ಟಯರ್ ತಡೆಯುವ ಗರಿಷ್ಠ, ಅದನ್ನು ಹಾಕಬಾರದು. ಬೆಳಿಗ್ಗೆ ಕಾರು ತೆಗೆಯುವ ಮೊದಲೇ ಅಳೆಯಿರಿ. ಓಡಿ ಬಿಸಿಯಾದ ಟಯರ್ ಹೆಚ್ಚು ತೋರಿಸುತ್ತದೆ.

ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ಟಿನಲ್ಲಿ ತೂತು ಉಜ್ಜುವ ಸುರುಳಿ ಕಡ್ಡಿ, ಸ್ಟ್ರಿಪ್ ತೂರಿಸುವ ಸೂಜಿ, ಅಂಟು ಅಂಟಾದ ಸ್ಟ್ರಿಪ್ಪುಗಳು ಇರುತ್ತವೆ. ಪ್ಲಾಸ್ಟಿಕ್ ಹಿಡಿಯದು ಬೇಡ, ಅಂಗೈ ಕೊಟ್ಟು ತಳ್ಳುವಾಗ ಮುರಿಯುತ್ತದೆ. ‘ಟಿ’ ಆಕಾರದ ಲೋಹದ ಹಿಡಿ ನೋಡಿ. ನೆಲಕ್ಕೆ ತಾಗುವ ಭಾಗದಲ್ಲಿನ ಮೊಳೆಗೆ ಮಾತ್ರ ಇದು. ಟಯರಿನ ಪಕ್ಕದ ಗೋಡೆ ಹರಿದಿದ್ದರೆ ಸ್ಟೆಪ್ನಿ ಹಾಕಿ.

7. ಬ್ಯಾಟರಿ, ಫ್ಯೂಸು, ಮೀಟರು

ಮನೆಯ ಪ್ಲಗ್ಗಿಗೆ ಚುಚ್ಚಿ ನೋಡುವ ನಿಯಾನ್ ಟೆಸ್ಟರ್ ಕಾರಿನ 12 ವೋಲ್ಟಿಗೆ ಹತ್ತುವುದಿಲ್ಲ. ಎಷ್ಟೋ ಜನ ಅದನ್ನು ಚುಚ್ಚಿ ‘ಕರೆಂಟೇ ಬರ್ತಿಲ್ಲ’ ಎಂದುಕೊಳ್ಳುತ್ತಾರೆ. ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಕೊಳ್ಳಿ. ಡಿಸಿ 20 ವೋಲ್ಟಿನ ಗುರುತಿಗೆ ತಿರುಗಿಸಿ, ಕೆಂಪು ಕಡ್ಡಿ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ರಾತ್ರಿಯೆಲ್ಲ ನಿಂತ ಕಾರಿನಲ್ಲಿ 12.6ರ ಆಸುಪಾಸು ತೋರಿಸಿದರೆ ಬ್ಯಾಟರಿ ತುಂಬಿದೆ, 12.2 ಎಂದರೆ ಅರ್ಧ. 12ಕ್ಕಿಂತ ಕೆಳಗೆ ಬಂದಿದ್ದರೆ ಖಾಲಿ. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4 ಬರಬೇಕು. ಓಡುವಾಗಲೂ 12.3ರಲ್ಲೇ ನಿಂತಿದ್ದರೆ ತೊಂದರೆ ಇರುವುದು ಬ್ಯಾಟರಿಯಲ್ಲಲ್ಲ, ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ. ಇದೊಂದು ಗೊತ್ತಿದ್ದರೆ ಸುಮ್ಮನೆ ಹೊಸ ಬ್ಯಾಟರಿ ಕೊಳ್ಳುವುದು ತಪ್ಪುತ್ತದೆ. (ಹೊಸ ಕಾರುಗಳಲ್ಲಿ ಕಂಪ್ಯೂಟರೇ ಚಾರ್ಜನ್ನು ಏರಿಳಿಸುತ್ತದೆ, ಅಲ್ಲಿ ಹೆಡ್‌ಲೈಟ್, ಎಸಿ ಹಾಕಿ ಅಳೆದು ನೋಡಿ.)

ಬ್ಯಾಟರಿ ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಕಾರಿನ ಮೈಯೆಲ್ಲ ಮೈನಸ್ಸೇ ಆಗಿರುವುದರಿಂದ, ಮೊದಲು ಪ್ಲಸ್ಸಿಗೆ ಹಾಕಿದ ಸ್ಪ್ಯಾನರ್ ಅಕಸ್ಮಾತ್ ಬಾನೆಟ್ಟಿನ ತಗಡಿಗೆ ತಾಗಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಸ್ಪ್ಯಾನರ್ ಕೆಂಪಾಗುತ್ತದೆ. ಮೈನಸ್ ಆಗಲೇ ಬಿಚ್ಚಿದ್ದರೆ ಏನೂ ಆಗುವುದಿಲ್ಲ. ಉಂಗುರ, ಲೋಹದ ಪಟ್ಟಿಯ ವಾಚು ತೆಗೆದಿಟ್ಟೇ ಕೈ ಹಾಕಿ.

ಜಂಪ್ ಕೇಬಲ್ ಕೊಳ್ಳುವಾಗ ಹೊರಗಿನ ರಬ್ಬರಿನ ದಪ್ಪ ನೋಡಿ ಮೋಸ ಹೋಗಬೇಡಿ, ಒಳಗಿನ ತಂತಿ ದಪ್ಪ ಇರಬೇಕು. ಕ್ರಮ: ಕೆಂಪು ಖಾಲಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್ಸಿಗೆ, ಕಪ್ಪು ಒಳ್ಳೆಯದರ ಮೈನಸ್ಸಿಗೆ, ಕೊನೆಯ ತುದಿ ಕೆಟ್ಟು ನಿಂತ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ. ಆ ಕೊನೆಯ ಕಿಡಿ ಬ್ಯಾಟರಿಯ ಹತ್ತಿರ ಹಾರಬಾರದು. ಬ್ಯಾಟರಿಯಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ.

ಫ್ಯೂಸುಗಳು ಬಣ್ಣದಲ್ಲೇ ಗೊತ್ತಾಗುತ್ತವೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಒಂದು ಮಿಶ್ರ ಪ್ಯಾಕೆಟ್ ಇಟ್ಟುಕೊಳ್ಳಿ. ಆಕಾರ ನಿಮ್ಮ ಕಾರಿನದಕ್ಕೆ ಹೊಂದಲಿ. 10 ಹೋದ ಜಾಗಕ್ಕೆ 20 ಹಾಕಬೇಡಿ. ಆಗ ಫ್ಯೂಸಿನ ಬದಲು ವೈರು ಸುಡುತ್ತದೆ. ಹ್ಯಾಲೋಜನ್ ಹೆಡ್‌ಲೈಟ್ ಬಲ್ಬಿನ ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಕೂತ ಕಡೆ ಬಿಸಿ ಹೆಚ್ಚಾಗಿ ಬಲ್ಬು ಬೇಗ ಹೋಗುತ್ತದೆ.

ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಬಗ್ಗೆಯೂ ಕೇಳುತ್ತೀರಿ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಜಾಗಕ್ಕೆ ಸಿಕ್ಕಿಸಿದರೆ ಚೆಕ್ ಎಂಜಿನ್ ದೀಪ ಯಾಕೆ ಹತ್ತಿದೆ ಎಂಬ ಕೋಡನ್ನು ಮೊಬೈಲಿಗೆ ತರುತ್ತದೆ. ಒಳ್ಳೆಯದೇ. ಆದರೆ ಕೋಡು ತೋರಿಸುವುದು ಯಾವ ದಾರಿಯಲ್ಲಿ ತೊಂದರೆ ಎಂಬುದನ್ನು ಮಾತ್ರ. ಕೋಡು ಬಂತೆಂದು ಆ ಸೆನ್ಸರನ್ನೇ ಬದಲಿಸಲು ಹೊರಡಬೇಡಿ.

8. ಎಲ್ಲಿ ಕೊಳ್ಳುವುದು, ಹೇಗೆ ಇಡುವುದು

ಬೆಂಗಳೂರಿನವರಿಗೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಇವೆ; ಬೇರೆ ಊರಿನವರು ಆನ್‌ಲೈನಿಗೆ ಹೋಗುವ ಮೊದಲು ನಿಮ್ಮೂರಿನ ಮೆಕ್ಯಾನಿಕ್ ಎಲ್ಲಿ ಕೊಳ್ಳುತ್ತಾನೆ ಎಂದು ಕೇಳಿ. ದಿನಾ ಕೆಲಸ ಮಾಡುವವರು ಬಳಸುವ ಟಪಾರಿಯ ತರಹದ ಕಂಪನಿಯ ಮಾಲು ಮನೆಗೆ ಬೇಕಾದಷ್ಟಾಯಿತು. ಸ್ಪ್ಯಾನರ್, ಸಾಕೆಟ್ ಕ್ರೋಮ್ ವೆನೇಡಿಯಂ ಉಕ್ಕಿನದಾಗಿರಲಿ. ಹೆಸರಿಲ್ಲದ ಅಗ್ಗದ ಸೆಟ್ಟಿನಲ್ಲಿ ಬಾಯಿ ಅಗಲವಾಗುತ್ತದೆ, ಲೇಪನ ಸಿಪ್ಪೆ ಏಳುತ್ತದೆ. ದುಡ್ಡು ಉಳಿಸಲೇಬೇಕೆಂದರೆ ಪೆಟ್ಟಿಗೆಯಲ್ಲಿ, ಟಾರ್ಚಿನಲ್ಲಿ ಉಳಿಸಿ. ಜಾಕ್ ಸ್ಟ್ಯಾಂಡಿನಲ್ಲಿ, ಸಾಕೆಟ್ಟಿನಲ್ಲಿ ಬೇಡ.

ಎಲ್ಲವನ್ನೂ ಕಾರಿನಲ್ಲಿ ಹೊರಬೇಡಿ. ಡಿಕ್ಕಿಗೆ: ಜಾಕ್, ಬ್ರೇಕರ್ ಬಾರ್, ಚಕ್ರದ ಸಾಕೆಟ್, ಕಂಪ್ರೆಸರ್, ಪಂಕ್ಚರ್ ಕಿಟ್, ಜಂಪ್ ಕೇಬಲ್, 10ರ ಸ್ಪ್ಯಾನರ್, ಫ್ಯೂಸು, ಟಾರ್ಚು, ಕೈಗವಸು. ಉಳಿದದ್ದು ಮನೆಗೆ. ಸ್ಪ್ರೇ ಡಬ್ಬಿಗಳನ್ನು ಬಿಸಿಲಲ್ಲಿ ನಿಲ್ಲುವ ಕಾರಿನಲ್ಲಿ ಇಡಬೇಡಿ. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಪ್ರತಿ ಸಲ ಬಳಸಿದ ಮೇಲೆ ಟೂಲ್‌ಗಳನ್ನು ಬನಿಯನ್ ವೇಸ್ಟಿನಲ್ಲಿ ಒರೆಸಿ, ಎಂಜಿನ್ ಆಯಿಲ್ ತೆಳ್ಳಗೆ ಸವರಿಡಿ. ಒಂದು ಮಳೆಗಾಲ ಸಾಕು, ಹೊಳೆಯುವ ಸಾಕೆಟ್ ಕಂದಾಗಲು. ಅಡಿಕೆ ತೋಟದ ಮನೆಗಳಲ್ಲಿ ಇಲಿಯ ಕಾಟವೂ ಇರುತ್ತದೆ. ವೈರ್ ಸುತ್ತಲು ಒಂದು ಇನ್ಸುಲೇಷನ್ ಟೇಪು ಪೆಟ್ಟಿಗೆಯಲ್ಲಿರಲಿ.

9. ಇವುಗಳಿಗೆ ಟೂಲ್ ಇದ್ದರೂ ಕೈ ಹಾಕಬೇಡಿ

ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳು, ಎಸಿ ಗ್ಯಾಸು, ಟೈಮಿಂಗ್ ಚೈನ್ ಅಥವಾ ಬೆಲ್ಟು, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನ ಕಿತ್ತಳೆ ಬಣ್ಣದ ಕೇಬಲ್ಲು. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ತೆರೆಯಬೇಡಿ. ಒಳಗಿನ ಕೂಲೆಂಟು ಒತ್ತಡದಲ್ಲಿ ಮುಖಕ್ಕೇ ಚಿಮ್ಮುತ್ತದೆ, ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಸಿಎನ್‌ಜಿ ಕಾರಾದರೆ ಸಿಲಿಂಡರಿನಿಂದ ಎಂಜಿನ್‌ವರೆಗಿನ ಪೈಪಿನ ಒಂದು ನಟ್ಟನ್ನೂ ಮುಟ್ಟಬೇಡಿ. ಆ ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಹೈಡ್ರೋ ಟೆಸ್ಟ್, ಅಂದರೆ ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ ಕಡ್ಡಾಯ. ಕೊನೆಯ ಪರೀಕ್ಷೆಯ ತಾರೀಖು ಸಿಲಿಂಡರಿಗೆ ಹಾಕಿದ ತಗಡಿನ ಮೇಲೆ ಇರುತ್ತದೆ, ಡಿಕ್ಕಿ ತೆಗೆದಾಗ ಅದನ್ನೂ ಒಮ್ಮೆ ನೋಡಿ.